ಒಂದು ಮಂಡಿ, ಎರಡು ಎಕ್ಸ್‌ರೇ

ಪುಣೆಯ ಬಿಬವೇವಾಡಿಯ ಮಾರುಕಟ್ಟೆಗೆ ಬೆಳಗ್ಗೆ ಬಂದ ತರಕಾರಿ ಟೆಂಪೋಗಳು ಇನ್ನೂ ಖಾಲಿಯಾಗುತ್ತಿವೆ. ಪಕ್ಕದ ಬೀದಿಯ ಖಾಸಗಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ತಂತ್ರಜ್ಞ ಅಂಬಾದಾಸ ಆಗಲೇ ಸೀಸದ ಏಪ್ರನ್ ತೊಟ್ಟು ನಿಂತಿದ್ದಾರೆ. ಎದುರಿನ ಮೇಜಿನ ಮೇಲೆ ಮಲಗಿರುವವರು ಪ್ರೇಮಾವತಿ. ಉಡುಪಿ ಕಡೆಯವರು, ಶಿವಾಜಿನಗರದ ಬಸ್ ನಿಲ್ದಾಣದ ಹತ್ತಿರ ಗಂಡನೊಂದಿಗೆ ಹೋಟೆಲ್ ನಡೆಸುತ್ತಾರೆ. ಅಂಬಾದಾಸ ಪ್ರೇಮಾವತಿಯವರ ಎಡಗಾಲನ್ನು ತುಸು ಒಳಕ್ಕೆ ತಿರುಗಿಸಿ ಪರದೆ ನೋಡುತ್ತಾರೆ, ಮತ್ತೆ ಕೂದಲೆಳೆಯಷ್ಟು ಹೊರಕ್ಕೆ ತಿರುಗಿಸುತ್ತಾರೆ.

"ಅಕ್ಕಾರ, ಈಗ ಅಲುಗಾಡಬ್ಯಾಡ್ರಿ. ಕಾಲು ಹಂಗ ಇರಲಿ."

"ನಾನೆಲ್ಲಿ ಅಲ್ಲಾಡಿದೆ ಮಾರಾಯ್ರೆ? ಹೆದರಿಕೆಗೆ ಅದೇ ನಡುಗುದು."

ಇಬ್ಬರೂ ನಗುತ್ತಾರೆ. ಆದರೆ ಇವತ್ತಿನ ಚಿತ್ರ ನಗುವಂಥದ್ದಲ್ಲ. ಅದು ಏನು ಹೇಳುತ್ತದೆ ಎಂಬುದರ ಮೇಲೆ ಪ್ರೇಮಾವತಿಯವರ ಕಾಲಿಗೆ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬುದು ತೀರ್ಮಾನವಾಗಲಿದೆ.

ಅಂಬಾದಾಸರ ತಂದೆ ತಾಯಿ ಸೇಡಂ ಕಡೆಯಿಂದ ಪುಣೆಗೆ ಗಾರೆ ಕೆಲಸಕ್ಕೆ ಬಂದವರು. ಮಗರಪಟ್ಟಾದ ಕಟ್ಟಡಗಳು ಏಳುತ್ತಿದ್ದಾಗ ಮಗನೂ ಅವರ ಜೊತೆ ಮರಳು ಹೊತ್ತ. ಸಾರವೆಯಿಂದ ಬಿದ್ದ ತಂದೆಯನ್ನು ಆಸ್ಪತ್ರೆಗೆ ಸೇರಿಸಿದ ದಿನ ಅಂಬಾದಾಸ ಮೊದಲ ಸಲ ಎಕ್ಸ್‌ರೇ ಕಂಡರು. "ಅಪ್ಪನ ಎಲುಬು ನೋಡಿ ಅಂಜಿದ್ದೆ ರೀ. ಅಲ್ಲಿದ್ದ ಒಬ್ಬಾಕಿ ನರ್ಮದಾ ಸಿಸ್ಟರ್, 'ಅಂಜಬ್ಯಾಡ, ಮುರಿದದ್ದು ಕಂಡ್ರ ಕೂಡಸಬಹುದು' ಅಂದ್ರು. ಕಾಣೋದ ದೊಡ್ಡದು ಅನಸ್ತು." ಅದೇ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ ಹಿಡಿದು, ಬಿಡುವಿನಲ್ಲಿ ಓದಿ ಡಿಪ್ಲೊಮಾ ಮುಗಿಸಿದರು. ಈಗ ದಿನಕ್ಕೆ ಐವತ್ತರ ಸುಮಾರು ಜನ ಅವರ ಮೇಜು ಹತ್ತಿ ಇಳಿಯುತ್ತಾರೆ. ಏಪ್ರನ್ನಿನ ಭಾರಕ್ಕೆ ಅವರ ಸೊಂಟವೂ ಸೋತಿದೆ. ಹೊರಗೆ ಎಲ್ಲರ ಜೊತೆ ಮರಾಠಿ; ಕನ್ನಡದವರು ಬಂದರೆ ಮಾತ್ರ ಮುಖ ಅರಳುತ್ತದೆ.

ಪ್ರೇಮಾವತಿ ಅಂಥವರಲ್ಲಿ ಒಬ್ಬರು. ಅವರ ಮಂಡಿಯ ಒಳಭಾಗವಷ್ಟೇ ಸವೆದಿತ್ತು. ಹಾಗಾಗಿ ಇಡೀ ಮಂಡಿ ಬದಲಿಸದೆ ಆ ಭಾಗಕ್ಕೆ ಮಾತ್ರ ಲೋಹದ ಕೀಲು ಕೂರಿಸಿದ್ದರು. ಕೆಲವು ತಿಂಗಳು ಚೆನ್ನಾಗಿತ್ತು, ಅಡುಗೆಮನೆಗೂ ಮರಳಿದರು. ಆಮೇಲೆ ಮೆಟ್ಟಿಲು ಹತ್ತುವಾಗ ಮಂಡಿಯ ಕೆಳಗೆ ಚುಚ್ಚುವ ನೋವು ಶುರುವಾಯಿತು. ಬೇರೊಂದು ಆಸ್ಪತ್ರೆಯಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ಕೀಲಿನ ಲೋಹದ ತಟ್ಟೆಯ ಅಡಿಯಲ್ಲಿ ತೆಳ್ಳನೆಯ ಕಪ್ಪು ಗೆರೆ ಕಂಡಿತು. ಕೀಲು ಸಡಿಲವಾಗಿದೆ, ಪೂರ್ತಿ ಮಂಡಿಯನ್ನೇ ಬದಲಿಸಬೇಕಾದೀತು ಎಂದರು ಅಲ್ಲಿನ ವೈದ್ಯರು. ಅದೇ ವಾರ ಅಂಬಾದಾಸ ತೆಗೆದ ಚಿತ್ರದಲ್ಲಿ ಗೆರೆಯೇ ಇರಲಿಲ್ಲ.

ಪ್ರೇಮಾವತಿಯವರ ಗಂಡ ಕಾಂತಪ್ಪ ಎರಡೂ ಚಿತ್ರಗಳನ್ನು ಹಿಡಿದು ನೆಲಮಾಳಿಗೆಗೆ ಇಳಿದು ಬಂದಿದ್ದರು. "ಒಂದೇ ಕಾಲು, ಒಂದೇ ವಾರ. ಒಂದರಲ್ಲಿ ಗೆರೆ ಉಂಟು, ಒಂದರಲ್ಲಿ ಇಲ್ಲ. ಆಪರೇಷನ್ ಯಾವ ಕಾಲಿಗೆ ಮಾಡ್ಸುದು, ನೀವೇ ಹೇಳಿ!"

ಅಂಬಾದಾಸ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದರು. "ನನಗೂ ತಲಿ ಕೆಟ್ಟೋತ್ರಿ. ನನ್ನ ಫೋಟೋ ಸುಳ್ಳೋ, ಅವರದು ಸುಳ್ಳೋ? ಫೋಟೋ ಓದೋದು ಡಾಕ್ಟರ ಕೆಲಸ, ನಂದಲ್ಲ."

ಎರಡೂ ಚಿತ್ರಗಳನ್ನು ಅವರು ಆಸ್ಪತ್ರೆಯ ರೇಡಿಯಾಲಜಿಸ್ಟ್ ಡಾ. ಋಷಿಕೇಶರ ಮುಂದಿಟ್ಟರು. ಎರಡೂ ಸುಳ್ಳಲ್ಲ ಎಂದರು ವೈದ್ಯರು. ಕಿರಣ ತಟ್ಟೆಗೆ ಸಮಾನಾಂತರವಾಗಿ ಹಾಯ್ದರೆ ಗೆರೆ ಕಾಣುತ್ತದೆ, ತುಸು ಓರೆಯಾದರೂ ಲೋಹ ಅದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಪರದೆಯಲ್ಲಿ ನೋಡುತ್ತಲೇ ಕಾಲನ್ನು ಹದಕ್ಕೆ ತಂದು ಮತ್ತೊಂದು ಚಿತ್ರ ತೆಗೆಯಲು ಹೇಳಿದರು. ಈ ಸಲ ಗೆರೆ ಕಂಡಿತು. ಆದರೆ ಶಸ್ತ್ರಚಿಕಿತ್ಸೆಯ ಕೆಲವು ತಿಂಗಳ ನಂತರ, ನೋವಿಲ್ಲದ ದಿನಗಳಲ್ಲಿ ತೆಗೆಸಿದ್ದ ಚಿತ್ರದಲ್ಲೂ ಅಷ್ಟೇ ತೆಳುವಾದ ಗೆರೆ ಇತ್ತು. ಇಂಥ ಕೀಲುಗಳಲ್ಲಿ ಅದು ಮಾಮೂಲು, ಅದೊಂದನ್ನೇ ನೋಡಿ ಸಡಿಲವಾಗಿದೆ ಎನ್ನುವಂತಿಲ್ಲ ಎಂದರು ಡಾ. ಋಷಿಕೇಶ. ರಕ್ತಪರೀಕ್ಷೆಯಲ್ಲಿ ಸೋಂಕಿನ ಸುಳಿವೂ ಸಿಗಲಿಲ್ಲ.

ಹಾಗಾದರೆ ನೋವು ಏಕೆ? ಅದನ್ನು ಈ ಚಿತ್ರ ಹೇಳುತ್ತಿಲ್ಲ ಎಂದು ವೈದ್ಯರು ಒಪ್ಪಿಕೊಂಡಾಗ ಪ್ರೇಮಾವತಿ ಅತ್ತೇಬಿಟ್ಟರು. "ಒಬ್ಬರು ಸಡಿಲ ಅಂತಾರೆ, ಒಬ್ಬರು ಗಟ್ಟಿ ಅಂತಾರೆ. ಹಾಗಾದ್ರೆ ನೋವು ಎಂಥದ್ದು, ನಾನು ಸುಳ್ಳು ಹೇಳುದಾ?"

ಉಳಿದದ್ದು ಎಂಆರ್‌ಐ. ಮಂಡಿಯಲ್ಲಿ ಲೋಹ, ಎದುರಿಗೆ ಅಯಸ್ಕಾಂತ! ಕೀಲು ಕಿತ್ತು ಬಂದರೆ ಎಂದು ಹೆದರಿ ಪ್ರೇಮಾವತಿ ಬೇಡವೆಂದು ಹಟ ಹಿಡಿದರು. ಅಂಬಾದಾಸ ತಮ್ಮ ವಾರದ ರಜೆಯ ದಿನ ಅವರ ಜೊತೆ ಶಿವಾಜಿನಗರದ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದರು. ಅಲ್ಲಿಯವರು ಕೀಲಿನ ವಿವರ ಪರಿಶೀಲಿಸಿ ಅಪಾಯವಿಲ್ಲ ಎಂದದ್ದನ್ನು ಮರಾಠಿಯಿಂದ ಕನ್ನಡಕ್ಕೆ ತಂದು ಹೇಳಿದರು. ಲೋಹದ ಮಸುಕು ಕಡಿಮೆ ಮಾಡುವ ವಿಧಾನದಲ್ಲಿ ತೆಗೆದ ಆ ಚಿತ್ರದಲ್ಲಿ ಕೊನೆಗೂ ಏನೋ ಕಂಡಿತು. ಲೋಹದ ತಟ್ಟೆಯ ಕೆಳಗಿನ ಮೂಳೆಯೊಳಗೆ ನೀರಾಡಿದಂಥ ಊತ, ಅದರ ನಡುವೆ ಸಣ್ಣ ಬಿರುಕು. ಕೀಲು ಗಟ್ಟಿಯಾಗಿಯೇ ಇತ್ತು. ಭಾರ ತಾಳದೆ ಅದರ ಕೆಳಗಿನ ಮೂಳೆ ಸೋತಿತ್ತು.

ಶಸ್ತ್ರಚಿಕಿತ್ಸಕರು ಎರಡನೆಯ ಆಪರೇಷನ್ ಮುಂದೂಡಿದರು. ಊರುಗೋಲು ಹಿಡಿದು ನಡೆಯಿರಿ, ಕಾಲಿಗೆ ಭಾರ ಕೊಡಬೇಡಿ, ಮೂಳೆ ಕೂಡಿಕೊಳ್ಳದಿದ್ದರೆ ಆಮೇಲೆ ನೋಡೋಣ ಎಂದರು. ಅಡುಗೆಮನೆಯನ್ನು ಕಾಂತಪ್ಪನವರಿಗೆ ಬಿಟ್ಟು ಪ್ರೇಮಾವತಿ ತಿಂಗಳುಗಟ್ಟಲೆ ಗಲ್ಲಾಪೆಟ್ಟಿಗೆಯ ಮುಂದೆ ಕೂತರು. "ಇವರ ಸಾಂಬಾರಿಗೆ ಗಿರಾಕಿಗಳು ಓಡಿಹೋಗಲಿಲ್ಲ, ಅದೇ ದೊಡ್ಡದು" ಎನ್ನುತ್ತಾರೆ.

ಇವತ್ತಿನ ಚಿತ್ರ ನೋಡಿ ಡಾ. ಋಷಿಕೇಶ ಹೊರಬರುತ್ತಾರೆ. ಬಿರುಕಿದ್ದ ಜಾಗದಲ್ಲಿ ಹೊಸ ಮೂಳೆ ಕೂಡಿದೆ, ಕೀಲು ಕದಲಿಲ್ಲ, ಆಪರೇಷನ್ ಬೇಕಿಲ್ಲ. ಪ್ರೇಮಾವತಿ ಅದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಚಳಿಗೆ ಮಂಡಿ ಈಗಲೂ ಒಮ್ಮೊಮ್ಮೆ ಹಿಡಿದಂತಾಗುವುದೇಕೆ ಎಂದು ಕೇಳಿದರೆ ವೈದ್ಯರು ಕೈ ಚೆಲ್ಲುತ್ತಾರೆ. ಅದಕ್ಕೆ ಯಾವ ಚಿತ್ರದಲ್ಲೂ ಕಾರಣ ಸಿಕ್ಕಿಲ್ಲ.

ಮುಂದಿನವರ ಹೆಸರು ಕೂಗುವ ಮೊದಲು ಅಂಬಾದಾಸ ಬಾಗಿಲಲ್ಲಿ ನಿಂತು, ಗಂಡನ ತೋಳು ಹಿಡಿಯದೆ ಮೆಟ್ಟಿಲು ಹತ್ತುವ ಪ್ರೇಮಾವತಿಯವರನ್ನು ನೋಡುತ್ತಾರೆ.

"ನಮ್ಮ ಕಡೆ ಬಂದವರು ಮುಂದ ಏನಾದ್ರು ಅಂತ ನಮಗ ಗೊತ್ತ ಆಗಂಗಿಲ್ರಿ. ಫೋಟೋ ತಗೊಂಡು ಹೋಗಿಬಿಡ್ತಾರ. ಇವರೊಬ್ಬರದು ಗೊತ್ತಾತು" ಎನ್ನುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದರೆ ತುಸು ನಾಚುತ್ತಾರೆ. "ಒಂದಿನ ಅವರ ಹೋಟೆಲಿಗೆ ಹೋಗಿ ಕುಂದರಬೇಕ್ರಿ. ಅಕ್ಕಾರು ಒಳಗಿಂದ ತಾಟು ಹಿಡಕೊಂಡು ನಡಕೋತ ಬರೋದು ನೋಡಬೇಕು. ನನ್ನ ಮುಂದ ಎಲ್ಲಾರೂ ಮಲಗೇ ಇರ್ತಾರ ನೋಡ್ರಿ."