ಟಾಂಗಾ ಕುದುರೆಯ ಹಿಂದೆ ನಡೆದದ್ದು

"ಟ್ಚಕ್, ಟ್ಚಕ್." ಸವಣೂರಿನ ನಮ್ಮ ಟಾಂಗಾವಾಲಾ ಚಾಚಾ ಕಟ್ಟೆಯ ಮೇಲೆ ಕುಳಿತು ನಾಲಿಗೆಯಿಂದ ಮಾಡುತ್ತಿದ್ದ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಲಾರಿಯ ಹಾರ್ನಿಗೆ ಬೆದರಿದ ಅವರ ಕುದುರೆ ಟಾಂಗಾ ಎಳೆಯುವುದನ್ನೇ ಬಿಟ್ಟಿತ್ತು. ಟಾಂಗಾ ಬಿಚ್ಚಿ, ಉದ್ದ ಲಗಾಮು ಹಿಡಿದು ಅದರ ಹಿಂದೆ ನಡೆದು ಮತ್ತೆ ಕಲಿಸೋಣವೆಂದರೆ ಚಾಚಾರ ಮೊಣಕಾಲು ಸೋತಿದ್ದವು. ಇನ್ನು ಮಾರುವುದೇ ಸೈ ಎಂದರು. ಅದೇ ಟಾಂಗಾದಲ್ಲಿ ವರ್ಷಾನುಗಟ್ಟಲೆ ಸ್ಕೂಲಿಗೆ ಹೋದ ರಿಟೈರ್ಡ್ ಟೀಚರ್ ನಾನು. "ನೋ ಚಾಚಾ, ನಾ ನಡಿತೇನಿ" ಎಂದೆ.

ಕಡಿವಾಣಕ್ಕೆ ಎರಡು ಉದ್ದನೆಯ ಹಗ್ಗ ಕಟ್ಟಿ, ಕುದುರೆಯ ಬೆನ್ನುಪಟ್ಟಿಯ ಕಬ್ಬಿಣದ ಬಳೆಗಳಲ್ಲಿ ಹಾಯಿಸಿ ಕೊಟ್ಟರು. ಹೆದರಿ ಅವನ್ನು ಕೈಗೆ ಸುತ್ತಿಕೊಂಡೆ.

"ಬಿಚ್ಚ್ರಿ ಅಕ್ಕೋರ! ಅದು ಓಡಿದ್ರ ನಿಮ್ಮನ್ನ ಹುಲಗೂರತನಕ ಎಳ್ಕೊಂಡು ಹೊಕ್ಕೈತಿ. ಹುಡುಗ್ರ ಕಿವಿ ಹಿಂಡಿದಂಗ ಜಗ್ಗಬ್ಯಾಡ್ರಿ!"

ಒಂದು ತಿಂಗಳು ಎಲೆತೋಟದ ದಾರಿಯಲ್ಲಿ ದಿನಾ ನಡೆದೆ. ಎರಡು ಸಲ ಬಿದ್ದೆ, ನೆವರ್ ಮೈಂಡ್ ಎಂದು ಎದ್ದೆ. ಕೊನೆಗೊಂದು ಬೆಳಿಗ್ಗೆ ಲಾರಿಯೊಂದು ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹೋಯಿತು. ಕುದುರೆ ನಡುಗಿತು, ಓಡಲಿಲ್ಲ. "ಟ್ಚಕ್" ಎಂದೆ. ಮುಂದೆ ನಡೆಯಿತು.

ಮರುವಾರ ಚಾಚಾ ಟಾಂಗಾ ಹೂಡಿ ಮಗಳ ಊರಿಗೆ ಹೊರಟರು. "ಹತ್ರಿ ಅಕ್ಕೋರ" ಎಂದರು. ಇನ್ನೊಮ್ಮೆ ಬರುತ್ತೇನೆಂದೆ. ತಿರುವಿನಲ್ಲಿ ಅವರು ಲಗಾಮು ಹಿಡಿದ ಕೈಯನ್ನು ನನಗೆ ಕಾಣುವಂತೆ ಎತ್ತಿದರು, ಲಗಾಮನ್ನು ಕೈಗೆ ಸುತ್ತಿಕೊಂಡಿರಲಿಲ್ಲ. ಅವರನ್ನು ನಾನು ನೋಡಿದ್ದು ಅದೇ ಕೊನೆ.