ಪಾಲಿಶ್ ಬಾಕಿ ಉಳಿದ ಹಲ್ಲು

ಪ್ರೇಮಲಾ ಒಂದು ಕಡೆ ಕೂಡುವ ಪೈಕಿ ಅಲ್ಲ. ಕುಕ್ಕರಿನ ಉಗಿ ಇಳಿಯುವ ಮೊದಲೇ ಮುಚ್ಚಳಕ್ಕೆ ಕೈ ಹಾಕುವವಳು. ಅಂಥವಳಿಗೆ ಜಹೀರಾಬಾದಿನಲ್ಲಿ ಸಿಕ್ಕಿದ್ದು ಹಲ್ಲು ಮಾಡುವ ಲ್ಯಾಬಿನ ಕೆಲಸ, ಅದೂ ಜಿರ್ಕೋನಿಯಾ ಎಂಬ ಗಟ್ಟಿ ಪಿಂಗಾಣಿಯ ಹಲ್ಲು. ಸೀಮೆಸುಣ್ಣದ ಹಾಗೆ ಮೆತ್ತಗಿರುವಾಗಲೇ ಅದನ್ನು ಅಳತೆಗಿಂತ ದೊಡ್ಡದಾಗಿ ಕೊರೆಯಬೇಕು. ಭಟ್ಟಿಯಲ್ಲಿ ಬೆಂದು, ಕುಗ್ಗಿ, ಅಳತೆಗೆ ಬರುತ್ತದೆ. ಭಟ್ಟಿ ಆರುವ ತನಕ ಕಾಯುವುದೆಂದರೆ ಅವಳಿಗೆ ಪ್ರಾಣಸಂಕಟ. ಆದರೂ ಕಲಿತಳು.

ತಾಂಡೂರಿನಲ್ಲಿರುವ ಅಪ್ಪ ರೇವಪ್ಪನ ಮೇಲಿನ ದವಡೆಹಲ್ಲು ಒಡೆದಾಗ, ಅದರ ಮೇಲೆ ಕೂಡಿಸುವ ಟೊಪ್ಪಿಗೆಯನ್ನು ಅವಳೇ ಮಾಡಿದಳು. "ಬಿರುಕು ಬಿಡಾಕ ಶುರುವಾದ್ರ ಇದರ ಕಣಾನೇ ಉಬ್ಬಿ ಬಿರುಕಿನ ಬಾಯಿ ಮುಚ್ತಾವರಿ ಅಪ್ಪಾ" ಎಂದು ಜಂಬ ಕೊಚ್ಚಿದ್ದಳು. ಡಾಕ್ಟರು ಅದನ್ನು ಅಂಟಿಸಿದ ಮೇಲೆ ಕೊಂಚ ಎತ್ತರ ಅನಿಸಿತು. ಮೇಲ್ಭಾಗವನ್ನು ಉಜ್ಜಿ ತಗ್ಗಿಸಿದರು. ಆ ಜಾಗಕ್ಕೆ ಮತ್ತೆ ಪಾಲಿಶ್ ಆಗಬೇಕಿತ್ತು. ಅಷ್ಟರಲ್ಲಿ ರೇವಪ್ಪ ಕುರ್ಚಿಯಿಂದ ಎದ್ದಾಗಿತ್ತು. "ಆತು ಬಿಡ್ರಿ, ಛಲೋ ಕೂತದ." ಜತೆಗೆ ಬಂದಿದ್ದ ಪ್ರೇಮಲಾಳಿಗೂ ಜಹೀರಾಬಾದಿನ ಬಸ್ಸಿನ ಚಿಂತೆ. ಸುಮ್ಮನಾದಳು.

ಅವತ್ತಿನಿಂದ ಅವಳ ನೆಮ್ಮದಿ ಹಾರಿಹೋಯಿತು. ಒರಟಾಗಿ ಉಳಿದ ಜಿರ್ಕೋನಿಯಾ ತಾನು ಸವೆಯುವುದಿಲ್ಲ, ಎದುರಿನ ಹಲ್ಲನ್ನು ತಿನ್ನುತ್ತದೆ. ಎದುರಿಗಿರುವುದು ಅಪ್ಪನ ಸ್ವಂತ ಹಲ್ಲು. ಜಗಿಯಲು ಉಳಿದಿರುವ ಗಟ್ಟಿ ಹಲ್ಲು ಅದೊಂದೇ. ಲ್ಯಾಬಿನಲ್ಲಿ ಯಾರದೋ ಹಲ್ಲು ಉಜ್ಜುವಾಗಲೂ ಅದೇ ಕಣ್ಣಿಗೆ ಕಟ್ಟುತ್ತಿತ್ತು. ಫೋನ್ ಮಾಡಿದರೆ ಅಪ್ಪ ಮಾತು ಮುಗಿಯುವ ಮೊದಲೇ ಇಡುತ್ತಿದ್ದ. ಕಡೆಗೆ ರಜೆ ಹಾಕಿ ತಾಂಡೂರಿನ ಬಸ್ಸು ಹತ್ತಿದಳು.

ರೇವಪ್ಪ ಹುರಿಗಡಲೆ ಕಟುಂ ಕಟುಂ ಎನಿಸುತ್ತ ಕೂತಿದ್ದ.

"ಡಾಕ್ಟರ್ ಕಡೆ ನಡೀರಿ. ಬಾಯಾಗಿಟ್ಟೇ ಪಾಲಿಶ್ ಮಾಡ್ತಾರ."

"ಹಲ್ಲಿಗೇನಾಗ್ಯದ? ಕಲ್ಲಿದ್ದಂಗ ಅದ!"

"ಅದಕ್ಕೇನೂ ಆಗಂಗಿಲ್ಲರಿ. ಕೆಳಗಿಂದು ಸವೀತದ. ನಾಲಿಗಿ ಹಚ್ಚಿ ನೋಡ್ರಿ."

ತಾಂಡೂರಿನ ಹಾಸುಗಲ್ಲಿಗೆ ಪಾಲಿಶ್ ಹಾಕುವ ಮಶೀನಿನ ಮುಂದೆಯೇ ವಯಸ್ಸು ಕಳೆದ ಮನುಷ್ಯ. ನಾಲಿಗೆ ಆಡಿಸಿದ. ಮುಖ ಸಪ್ಪಗಾಯಿತು. "ಖರಖರ ಅಂತದ ಖರೆ" ಎಂದ. ಆದರೆ ಹಟ ಬಿಡಬೇಕಲ್ಲ! "ಇರ್ಲಿ, ಮುಂದ ನೋಡೋಣು. ಗಟ್ಟಿ ಇದ್ದದ್ದಕ್ಕ ಏನಾಗ್ತದ?"

ಬಾಗಿಲ ಬಳಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಅವ್ವ ಈರಮ್ಮ ತಲೆ ಎತ್ತಲಿಲ್ಲ. "ಗಟ್ಟಿ ಇದ್ದವರಿಗೆ ಏನಾಗ್ತದರಿ? ಎದುರಿಗಿದ್ದವರು ಸವೀತಾರ. ನಾ ಸವೆದದ್ದು ನಿಮಗ ಎಂದಾದ್ರೂ ಗೊತ್ತಾಗ್ಯದೇನು?"

ಹಾದಿಯಲ್ಲಿ ಅಪ್ಪ ದಾಪುಗಾಲು ಹಾಕುವುದು, ಅವ್ವ ಚೀಲ ಹೊತ್ತು ಹಿಂದೆ ಉಳಿಯುವುದು, ಇದನ್ನು ಪ್ರೇಮಲಾ ಹುಟ್ಟಿದಾಗಿನಿಂದ ನೋಡಿದ್ದಳು. ಅವ್ವನೇ ನಿಧಾನ ಎಂದು ತಾನೂ ಬೈದಿದ್ದಳು. ಹಲ್ಲಿನ ಚಿಂತೆ ಹೊತ್ತು ಓಡಿ ಬಂದವಳಿಗೆ ಈಗ ಅವ್ವನ ಮುಖ ನೋಡಲು ನಾಚಿಕೆಯಾಯಿತು.

ರೇವಪ್ಪ ಕಡಲೆಯ ತಟ್ಟೆ ಸರಿಸಿ ಎದ್ದ. ಚಪ್ಪಲಿ ಮೆಟ್ಟಿದ. ಓಣಿಯ ತಿರುವು ದಾಟುವ ತನಕ ಹಿಂದೆ ನೋಡದ ಗಂಡಸು, ಹೊಸ್ತಿಲಲ್ಲೇ ನಿಂತ.

"ನೀನೂ ಬಾ. ಮೊಳಕಾಲು ನೋಯ್ತಾವ ಅಂತಿದ್ದಿ, ತೋರಿಸ್ಕೊಂಡು ಬರೋಣು."

"ಬ್ಯಾಳಿ ಮುಗೀಲಿ" ಎಂದಳು ಈರಮ್ಮ.

ಪ್ರೇಮಲಾಳ ಕೈ ತಡೆಯಲಿಲ್ಲ, ತಾನೇ ಬೇಗ ಮುಗಿಸಲು ಮೊರದ ಕಡೆ ಹೋಯಿತು. "ಬಿಡು," ರೇವಪ್ಪ ಮೆಲ್ಲಗೆ ಹೇಳಿದ, "ಆಕಿ ಮುಗಿಸ್ಲಿ."

ಕಾಯಲು ಬಾರದ ಇಬ್ಬರೂ ಬಾಗಿಲಲ್ಲಿ ಕಾಯುತ್ತ ನಿಂತರು.