ನಾದಿನಿಗೆ ತೋರಿಸಿದ ಜಾಗ

ಕಡಲ ದಡದ ನಮ್ಮೂರು ಸೇಂಟ್ ಜಾನ್ಸ್‌ನ ಮೀನು ಕಾರ್ಖಾನೆಯ ಕೆಲಸ ಬಿಟ್ಟ ಮೇಲೆ ನಮ್ಮ ಪಕ್ಕದ ಮನೆಯ ಲೊರೆಟಾ ಕೀಫ್‌ಗೆ ಚಳಿಗಾಲವೆಂದರೆ ಕೆರೆಯ ದಂಡೆ. ಕೆರೆಯೆಲ್ಲ ಹೆಪ್ಪುಗಟ್ಟಿದರೂ ಹೊಳೆ ಬಂದು ಸೇರುವ ಮೂಲೆಯಲ್ಲಿ ಮಾತ್ರ ನೀರು ಉಳಿದಿರುತ್ತದೆ. ಜನ ಅಲ್ಲಿ ಬ್ರೆಡ್ ಎಸೆಯುತ್ತಾರೆ, ಕಡಲಕ್ಕಿಗಳು ಮುತ್ತುತ್ತವೆ, ಅವನ್ನು ಹಿಡಿಯಲು ಬಿಳಿತಲೆಯ ಹದ್ದುಗಳು ಬರುತ್ತವೆ. ಯಾವ ಹದ್ದು ಯಾವ ಮರದಿಂದ ಏಳುತ್ತದೆ, ಕುಂಟುವ ಹಕ್ಕಿಯನ್ನು ಗುಂಪಿನಿಂದ ಹೇಗೆ ಬೇರ್ಪಡಿಸುತ್ತದೆ ಎಂಬುದೆಲ್ಲ ಲೊರೆಟಾಗೆ ಬಾಯಿಪಾಠ.

ಆ ವರ್ಷ ಅವಳ ನಾದಿನಿ ಡಲ್ಸಿ ಕ್ಯಾಮೆರಾ ಕೊಂಡಳು. ಲೊರೆಟಾಳೇ ಅವಳನ್ನು ಕೆರೆಗೆ ಕರೆದೊಯ್ದು, ನೋಡಬೇಕಾದ ಮರ ತೋರಿಸಿದಳು. ಮೂರನೇ ದಿನಕ್ಕೇ ಹದ್ದು ಕಡಲಕ್ಕಿಯನ್ನು ಮಂಜುಗಡ್ಡೆಗೆ ಒತ್ತಿ ಹಿಡಿದ ಚಿತ್ರ ಡಲ್ಸಿಗೆ ಸಿಕ್ಕಿತು. ಪತ್ರಿಕೆಯಲ್ಲೂ ಬಂತು. ಚರ್ಚಿನಲ್ಲಿ, ಅಂಗಡಿಯಲ್ಲಿ ಅವಳು "ಹದ್ದಿನ ಡಲ್ಸಿ"ಯಾದಳು.

"ಹನ್ನೊಂದು ವರ್ಷ ಅಲ್ಲಿ ಮೂಗು ಮರಗಟ್ಟಿಸ್ಕೊಂಡು ನಿಂತೋಳು ನಾನು. ಯಾರಾದ್ರೂ ಹದ್ದಿನ ಲೊರೆಟಾ ಅಂದ್ರಾ?" ನನ್ನ ಅಡುಗೆಮನೆಯಲ್ಲಿ ಕೂತು ಟೀ ಕಲಕುತ್ತಲೇ ಇದ್ದಳು. ಸಕ್ಕರೆ ಹಾಕಿಕೊಂಡೇ ಇರಲಿಲ್ಲ.

ಫೆಬ್ರವರಿಯಲ್ಲಿ ಡಲ್ಸಿಯ ಫೋನ್ ಬಂತು. "ಅತ್ತಿಗೆ, ನಾಳೆ ಎಲ್ಲಿ ನಿಂತ್ಕೊಳ್ಲಿ ಹೇಳು ಬಂಗಾರ. ನಿನ್ನಷ್ಟು ಯಾರಿಗೆ ಗೊತ್ತು?"

ಹದ್ದುಗಳು ಬರುವುದು ಕೆರೆಗೇ ಎಂದು ಲೊರೆಟಾಗೆ ಚೆನ್ನಾಗಿ ಗೊತ್ತಿತ್ತು. "ಬಂದರಿನ ಹಳೇ ಕಟ್ಟೆಗೆ ಹೋಗು" ಎಂದಳು. ಅಲ್ಲಿ ಸಿಗುವುದು ಬರೀ ಶೀತಗಾಳಿ.

ಮರುದಿನ ಅವಳೊಬ್ಬಳೇ ಕೆರೆಗೆ ಹೋದಳು. ಎರಡು ಹದ್ದುಗಳು ಸರದಿಯಲ್ಲಿ ಎರಗಿ, ಒಂದು ಕಡಲಕ್ಕಿಯನ್ನು ಮತ್ತೆ ಮತ್ತೆ ಮುಳುಗುವಂತೆ ಮಾಡಿ, ದಣಿಸಿ ಎತ್ತಿಕೊಂಡು ಹೋದವು. ಡಲ್ಸಿಗೆ ಇದು ತಪ್ಪಿತಲ್ಲ ಎಂಬ ಹಿಗ್ಗಿನಲ್ಲಿ ಸಂಜೆ ನಮ್ಮ ಮನೆಗೆ ಬಂದಳು. ಹಿಂದೆಯೇ ಡಲ್ಸಿ ನುಗ್ಗಿದಳು.

"ಅತ್ತಿಗೇ! ಬಿಳೀ ಡೇಗೆ! ಉತ್ತರಧ್ರುವದ ಕಡೆಯಿಂದ ಅಪರೂಪಕ್ಕೆ ಬರುತ್ತಲ್ಲ, ಆ ಗಿಡುಗ! ಕಟ್ಟೆ ಮೇಲೇ ಕಡಲಕ್ಕೀನ ಕೆಡವಿ, ಒಂದು ಗಂಟೆ ಕೂತು ತಿಂತು. ಅದು ಅಲ್ಲಿಗೆ ಬರುತ್ತೆ ಅಂತ ನಿಂಗೆ ಹೆಂಗೆ ಗೊತ್ತಾಯ್ತು?"

ಲೊರೆಟಾ ಕ್ಯಾಮೆರಾದಲ್ಲಿ ಚಿತ್ರ ನೋಡಿದಳು. ಅಷ್ಟು ವರ್ಷಗಳಲ್ಲಿ ಆ ಹಕ್ಕಿ ಒಮ್ಮೆಯೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

"ಗೊತ್ತಾಯ್ತು" ಎಂದಳು.

ಮುಂದಿನ ವಾರ ಪತ್ರಿಕೆಯಲ್ಲಿ ಚಿತ್ರದ ಕೆಳಗೆ "ಜಾಗ ತೋರಿಸಿದ ಅತ್ತಿಗೆ ಲೊರೆಟಾ ಕೀಫ್‌ಗೆ ವಂದನೆ" ಎಂದು ಅಚ್ಚಾಗಿತ್ತು. ಅಂಗಡಿಯಲ್ಲಿ ಜನ ಅವಳ ಕೈ ಕುಲುಕಿದರು. ಅವಳು ಬ್ರೆಡ್ಡನ್ನೂ ಕೊಳ್ಳದೆ ಸೀದಾ ನಮ್ಮ ಮನೆಗೆ ಬಂದು, ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡಳು.

"ಡಲ್ಸಿಗೆ ಹೇಳಿಬಿಡೇ, ಹಗುರಾಗ್ತೀಯ" ಎಂದೆ.

"ಹೇಳಿದ್ರೆ ನಕ್ಕು ಕ್ಷಮಿಸಿಬಿಡ್ತಾಳೆ ಆ ಪುಣ್ಯಾತ್ಗಿತ್ತಿ. ಅದನ್ನಂತೂ ನನ್ನ ಕೈಲಿ ತಡ್ಕೊಳಕ್ಕಾಗಲ್ಲ!"